ಕ್ಷಮಿಸಿದವನ ಪಾಡು

ಟಾಲ್‌ಸ್ಟಾಯ್‌ನ ‘ಅನ್ನಾ ಕರೆನಿನಾ’ ಶುರುವಾಗುವುದು ಅನ್ನಾಳ ಹಾದರದಿಂದಲ್ಲ, ಅವಳ ಅಣ್ಣನ ಹಾದರದಿಂದ. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಫ್ರೆಂಚ್ ಹೆಂಗಸಿನ ಜೊತೆಗಿನ ಸಂಬಂಧ ಬಯಲಾಗಿ ಸ್ಟೀವಾ ಸಿಕ್ಕಿಬಿದ್ದಿದ್ದಾನೆ. ಮುನಿದ ಅತ್ತಿಗೆ ಡಾಲಿಯನ್ನು ಸಮಾಧಾನಪಡಿಸಲು ಬರುವವಳೇ ಅನ್ನಾ. ಕೊನೆಯಲ್ಲಿ ಅವಳು ರೈಲಿನಡಿ ಸತ್ತಿರುತ್ತಾಳೆ. ಸ್ಟೀವಾ ಹೊಸ ನೌಕರಿ ಗಿಟ್ಟಿಸಿಕೊಂಡು ಹಾಯಾಗಿರುತ್ತಾನೆ.

ಓದುಗರ ಕಣ್ಣೆಲ್ಲ ಅನ್ನಾಳ ಮೇಲೆ. ಆದರೆ ಧರ್ಮದ ಪ್ರಶ್ನೆ ನಿಜವಾಗಿ ಬಿಸಿಯೇರುವುದು ಅವಳ ಗಂಡ ಕರೆನಿನ್‌ನಲ್ಲಿ. ಈತ ಕಡತಗಳ ಮನುಷ್ಯ. ಅಂದಿನ ರಷ್ಯಾದಲ್ಲಿ ವಿಚ್ಛೇದನ ಚರ್ಚಿನ ಕೈಯಲ್ಲಿತ್ತು. ಹಾದರಕ್ಕೆ ಪ್ರತ್ಯಕ್ಷಸಾಕ್ಷಿ ಬೇಕಿತ್ತು, ತಪ್ಪಿತಸ್ಥರಿಗೆ ಮರುಮದುವೆ ನಿಷಿದ್ಧ. ಅವನು ಸಲಹೆ ಕೇಳುವಾಗ ವಕೀಲ ನಡುನಡುವೆ ನುಸಿಹುಳ ಹಿಡಿಯುತ್ತಿರುತ್ತಾನೆ. ಟಾಲ್‌ಸ್ಟಾಯ್‌ಗೆ ಇಂಥ ಕುಹಕ ಚೆನ್ನಾಗಿ ಒಲಿದಿತ್ತು.

ಆಮೇಲೆ ಬಾಣಂತಿ ಜ್ವರದ ದೃಶ್ಯ. ಹೆಂಡತಿ ಸತ್ತರೆ ಸಾಕೆಂದು ಒಳಗೊಳಗೇ ಬಯಸುತ್ತ ಬಂದ ಕರೆನಿನ್, ಅವಳ ಹಾಸಿಗೆಯ ಬಳಿ ಬಿಕ್ಕಿಬಿಕ್ಕಿ ಅಳುತ್ತಾನೆ. ಮುಖ ಮುಚ್ಚಿಕೊಂಡ ಅವಳ ಪ್ರಿಯಕರ ವ್ರಾನ್‌ಸ್ಕಿಯ ಕೈಗಳನ್ನು ತಾನೇ ಸರಿಸಿ, ಅವನನ್ನೂ ಕ್ಷಮಿಸುತ್ತಾನೆ. ತನ್ನದಲ್ಲದ ಆ ಹಸುಗೂಸನ್ನು ನೋಡಲು ದಿನಕ್ಕೆ ಹಲವು ಸಲ ಹೋಗುತ್ತಾನೆ. ಅವಮಾನ ತಾಳದೆ ಗುಂಡು ಹಾರಿಸಿಕೊಂಡವನು ವ್ರಾನ್‌ಸ್ಕಿ! ಇಡೀ ಕಾದಂಬರಿಯಲ್ಲಿ ಭಕ್ತಿ ಹೀಗೆ ಮೈದುಂಬಿ ಬರುವುದು ಇಲ್ಲೇ.

ಆದರೆ ಅನ್ನಾ ಬದುಕಿಬಿಡುತ್ತಾಳೆ. ಗಂಡನ ಔದಾರ್ಯವೇ ಅವಳಿಗೆ ಅಸಹ್ಯವಾಗುತ್ತದೆ, ಅವನ ಸ್ಪರ್ಶವಂತೂ ಬೇಡವೇ ಬೇಡ. ಕ್ಷಮಿಸಿದವನನ್ನು ಏನು ಮಾಡಬೇಕೆಂದು ಪೀಟರ್ಸ್‌ಬರ್ಗಿನ ಸಮಾಜಕ್ಕೂ ತಿಳಿಯದು. ನಗೆಪಾಟಲಾದ ಕರೆನಿನ್ ಭಕ್ತಶಿರೋಮಣಿ ಲಿಡಿಯಾ ಇವಾನೊವ್ನಾಳ ಆಸರೆಗೆ ಹೋಗುತ್ತಾನೆ. ವಿಚ್ಛೇದನಕ್ಕಾಗಿ ಸ್ಟೀವಾ ಕಡೆಯ ಬಾರಿ ಬೇಡಿದಾಗ ತೀರ್ಪು ಬರುವುದು ಲಾಂಡೋ ಎಂಬ ದಿವ್ಯದೃಷ್ಟಿಯವನ ನಿದ್ದೆಗಣ್ಣಿನ ಗೊಣಗಾಟದಿಂದ: ಆಗದು. ಅದೇ ದೇವರು, ಅದೇ ಗಂಡ.

ಇದರೆದುರು ಕಾದಂಬರಿಯ ಇನ್ನೊಬ್ಬ ನಾಯಕ ಲೆವಿನ್‌ನ ಆಸ್ತಿಕತೆ ಸಲೀಸೆನಿಸುತ್ತದೆ. ಅವನಿಗೂ ನೇಣಿನ ಯೋಚನೆ ಬಂದದ್ದುಂಟು, ಹಗ್ಗವನ್ನು ಬಚ್ಚಿಟ್ಟದ್ದೂ ಉಂಟು. ಆದರೂ ಹೆಂಡತಿ, ಮಗು, ಜಮೀನು ಎಲ್ಲ ಇರುವವನಿಗೆ ರೈತನೊಬ್ಬನ ಮಾತಿನಲ್ಲಿ ದೇವರು ಸಿಗುತ್ತಾನೆ. ಅವನು ಯಾರನ್ನೂ ಕ್ಷಮಿಸಬೇಕಾಗಿಲ್ಲ. ಕ್ಷಮಿಸಿದ್ದು ಅವನ ಹೆಂಡತಿ ಕಿಟಿ, ಮದುವೆಗೆ ಮುಂಚೆ ಅವನ ದಿನಚರಿ ಓದಿ ಅತ್ತು. 1862ರಲ್ಲಿ ಟಾಲ್‌ಸ್ಟಾಯ್ ಕೂಡ ತಾನು ಮದುವೆಯಾಗಲಿದ್ದ ಸೋಫಿಯಾಗೆ ತನ್ನ ದಿನಚರಿ ಕೊಟ್ಟಿದ್ದ.

ಸರ್ಬಿಯಾ ಯುದ್ಧದ ಬಗೆಗಿನ ಮಾತುಗಳಿಗಾಗಿ ಕಾದಂಬರಿಯನ್ನು ಕಂತುಗಳಲ್ಲಿ ಪ್ರಕಟಿಸುತ್ತಿದ್ದ ಸಂಪಾದಕ ಕಾಟ್ಕೋವ್ ನಿರಾಕರಿಸಿದ ಎಂಟನೆಯ ಭಾಗವನ್ನು ಟಾಲ್‌ಸ್ಟಾಯ್ 1877ರಲ್ಲಿ ತಾನೇ ಅಚ್ಚು ಹಾಕಿಸಿದ. ಅದರಲ್ಲಿ ಲೆವಿನ್‌ನ ಚಿಂತನೆಗೆ ಪುಟಗಟ್ಟಲೆ ಜಾಗವಿದೆ. ಅನ್ನಾಳ ಮಗಳನ್ನು ಕೊನೆಗೆ ಕರೆದೊಯ್ದವನು ಕರೆನಿನ್ ಎಂಬ ಸಂಗತಿಯನ್ನು ಮಾತ್ರ ವ್ರಾನ್‌ಸ್ಕಿಯ ತಾಯಿ ರೈಲ್ವೆ ನಿಲ್ದಾಣದಲ್ಲಿ, ಮಾತಿನ ನಡುವೆ ಹೇಳಿ ಮುಗಿಸುತ್ತಾಳೆ.