ಕುದುರೆ ಕೊಳ್ಳುವವನಿಗೆ ಕ್ಸೆನೊಫೋನ್

ಸವಾರಿಯ ಬಗ್ಗೆ ಪೂರ್ತಿಯಾಗಿ ಉಳಿದುಬಂದಿರುವ ಪುಸ್ತಕಗಳಲ್ಲಿ ಅತಿ ಹಳೆಯದು ಕ್ಸೆನೊಫೋನನದು. ಹನ್ನೆರಡು ಸಣ್ಣ ಅಧ್ಯಾಯಗಳು. ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಎರಡನೆಯ ಅಧ್ಯಾಯಕ್ಕೆ ಬಂದಾಗ ಓದುಗ ತುಸು ತಬ್ಬಿಬ್ಬಾಗುತ್ತಾನೆ. ಕುದುರೆ ಮರಿಯನ್ನು ಪಳಗಿಸುವ ಬಗೆ ಹೇಳಬೇಕಾದ ಜಾಗದಲ್ಲಿ, ಅದನ್ನು ತಾನು ವಿವರಿಸುವುದಿಲ್ಲ ಎಂದು ಲೇಖಕ ಕೈತೊಳೆದುಕೊಂಡಿದ್ದಾನೆ. ಹರೆಯದವನಾದರೆ ತನ್ನ ಮೈ ಗಟ್ಟಿ ಮಾಡಿಕೊಳ್ಳಲಿ, ಸವಾರಿ ಕಲಿಯಲಿ. ವಯಸ್ಸಾದವನಿಗೆ ಮನೆ, ಗೆಳೆಯರು, ಊರಿನ ರಾಜಕಾರಣ, ಯುದ್ಧ ಎಂದು ನೋಡಿಕೊಳ್ಳಬೇಕಾದದ್ದು ಬೇಕಾದಷ್ಟಿದೆ. ಮರಿಯನ್ನು ಬಲ್ಲವನ ಕೈಗೆ ಒಪ್ಪಿಸುವುದೇ ಸರಿ ಎನ್ನುತ್ತಾನೆ.

ಕೈಗೆ ಮಣ್ಣು ಮೆತ್ತಿಕೊಳ್ಳಲೊಲ್ಲದ ಸಿರಿವಂತನ ಮಾತಿದು ಎಂದು ತಳ್ಳಿಹಾಕಬಹುದಿತ್ತು, ಬರೆದವನು ಬೇರೆ ಯಾರಾದರೂ ಆಗಿದ್ದರೆ. ಕ್ಸೆನೊಫೋನ್ ಅಥೆನ್ಸಿನವನು, ಸಾಕ್ರಟೀಸನ ಶಿಷ್ಯ. ಕ್ರಿ.ಪೂ. 401ರಲ್ಲಿ ಪರ್ಷಿಯಾದ ಒಳನಾಡಿನಲ್ಲಿ ನಾಯಕರನ್ನು ಕಳೆದುಕೊಂಡ ಹತ್ತು ಸಾವಿರ ಗ್ರೀಕ್ ಕೂಲಿಸೈನಿಕರನ್ನು ಕಪ್ಪು ಸಮುದ್ರದ ದಡಕ್ಕೆ ನಡೆಸಿಕೊಂಡು ಬಂದ ಮುಂದಾಳುಗಳಲ್ಲಿ ಒಬ್ಬ. ಬದುಕಿನ ಬಹುಪಾಲನ್ನು ಕುದುರೆಯ ಒಡನಾಟದಲ್ಲೇ ಕಳೆದವನು. ಅಂಥವನು ಹೊಸಬನಿಗೆ ‘ಇದು ನಿನ್ನ ಕೆಲಸವಲ್ಲ’ ಎನ್ನುತ್ತಿದ್ದಾನೆ ಎಂದರೆ, ಆ ಕೆಲಸ ಎಷ್ಟು ಬೇಗ ಕೆಡುತ್ತದೆ ಎಂಬುದನ್ನು ಕಣ್ಣಾರೆ ಕಂಡಿರಬೇಕು. ಇಡೀ ಪುಸ್ತಕದಲ್ಲಿ ನನಗೆ ಹೆಚ್ಚು ಬೆಲೆಬಾಳುವುದಾಗಿ ಕಂಡದ್ದು ಈ ನಿರಾಕರಣೆ. ಮೊದಲ ಕುದುರೆ ಕೊಳ್ಳಹೊರಟವರಲ್ಲಿ ಹಲವರಿಗೆ ಮರಿಯೊಂದನ್ನು ತಂದು ‘ನಾವೂ ಅದೂ ಒಟ್ಟಿಗೆ ಕಲಿಯುತ್ತೇವೆ’ ಎಂಬ ಆಸೆ ಇರುತ್ತದೆ. ಕೇಳಲು ಬಹಳ ಚೆಂದ. ಆದರೆ ನಾಲ್ಕೈದು ಕ್ವಿಂಟಲ್ ತೂಗುವ, ಹೆದರಿದರೆ ಮೊದಲು ಓಡಿ ಆಮೇಲೆ ಯೋಚಿಸುವ ಪ್ರಾಣಿಯ ಬೆನ್ನ ಮೇಲೆ ಇಬ್ಬರೂ ಗೊತ್ತಿಲ್ಲದವರೇ ಆದಾಗ, ಕಲಿಯುವುದಕ್ಕಿಂತ ಮೊದಲು ಇಬ್ಬರೂ ಒಬ್ಬರಿಗೊಬ್ಬರು ಹೆದರಲು ಶುರುಮಾಡುತ್ತಾರೆ.

ಪಳಗಿಸುವವನಿಗೆ ಒಪ್ಪಿಸಿದ ಮೇಲೆ ಮಾಲೀಕನ ಪಾಲಿಗೆ ಏನೂ ಉಳಿಯುವುದಿಲ್ಲ ಎಂದೇನೂ ಅವನು ಹೇಳುವುದಿಲ್ಲ. ಮಗನನ್ನು ಕಸುಬಿಗೆ ಹಾಕುವಾಗ ಮಾಡುವ ಹಾಗೆ, ಹಿಂದಿರುಗುವ ಹೊತ್ತಿಗೆ ಮರಿಗೆ ಏನೇನು ಬರಬೇಕು ಎಂದು ಬರಹದಲ್ಲಿ ಕರಾರು ಮಾಡಿಕೊಳ್ಳಬೇಕು. ಅದಕ್ಕೂ ಮೊದಲು, ಮನೆ ಬಿಡುವಾಗಲೇ ಮರಿ ಸಾಧುವಾಗಿರಬೇಕು, ಮನುಷ್ಯರೆಂದರೆ ಅದಕ್ಕೆ ಇಷ್ಟವಾಗಿರಬೇಕು. ಅದು ಲಾಯದ ಸಯೀಸನ ಕೆಲಸ. ಹಸಿವು, ಬಾಯಾರಿಕೆ, ನೊಣಗಳ ಕಾಟ ಒಂಟಿತನದ ಜೊತೆ ಸೇರಿಕೊಳ್ಳಬೇಕು. ಮೇವು, ನೀರು, ಕಾಟದಿಂದ ಬಿಡುಗಡೆ ಮನುಷ್ಯನ ಜೊತೆ ಬರಬೇಕು. ಕೈ ಆಡಿಸುವಾಗಲೂ ಕುದುರೆ ತಾನಾಗಿ ತುರಿಸಿಕೊಳ್ಳಲಾಗದ ಜಾಗಗಳನ್ನೇ ಹುಡುಕಬೇಕು. ಆಮೇಲೆ ಅದನ್ನು ಜನಸಂದಣಿಯ ನಡುವೆ ನಡೆಸಿ, ಬಗೆಬಗೆಯ ನೋಟಕ್ಕೂ ಸದ್ದಿಗೂ ಒಗ್ಗಿಸಬೇಕು. ಬೆಚ್ಚಿದರೆ ಹೊಡೆಯದೆ, ಸಮಾಧಾನಪಡಿಸುತ್ತಲೇ ಭಯಪಡುವಂಥದ್ದೇನೂ ಇಲ್ಲ ಎಂದು ತೋರಿಸಬೇಕು.

ಇವತ್ತು ಪ್ರಾಣಿಗಳ ಕಲಿಕೆಯನ್ನು ಅಭ್ಯಾಸ ಮಾಡುವವರು ಇದರಲ್ಲಿ ತಿದ್ದಲು ಹೆಚ್ಚೇನೂ ಕಾಣಲಾರರು. ಮೈಸೂರಿನಲ್ಲಿ ದಸರೆಗೆ ಮುಂಚೆ ಆನೆಗಳ ಜೊತೆ ಅಶ್ವಾರೋಹಿ ಪೊಲೀಸರ ಕುದುರೆಗಳನ್ನೂ ನಿಲ್ಲಿಸಿಕೊಂಡು ಕುಶಾಲತೋಪು ಹಾರಿಸುವ ತಾಲೀಮು ನಡೆಯುತ್ತದಲ್ಲ, ಅದರ ಹಿಂದಿರುವುದೂ ಇದೇ ತಿಳಿವಳಿಕೆ. ಮೆರವಣಿಗೆಯ ದಿನದ ಸದ್ದು ಕುದುರೆಯ ಕಿವಿಗೆ ಅಂದೇ ಮೊದಲ ಸಲ ಬೀಳಬಾರದು.

ಆದರೆ ಪುಸ್ತಕದ ಕೊರತೆಯೂ ಇಲ್ಲೇ ಇದೆ. ಸಯೀಸ ಮಾಡುವುದು ಗೊತ್ತಾಯಿತು, ಕರಾರೂ ಆಯಿತು. ನಡುವೆ, ಆ ಪಳಗಿಸುವವನ ಅಂಗಳದಲ್ಲಿ ಏನು ನಡೆಯುತ್ತದೆ? ಮೊದಲ ಸಲ ಬೆನ್ನಿಗೆ ಭಾರ ಬೀಳುವುದು, ಮೊದಲ ಸಲ ಬಾಯಿಗೆ ಕಡಿವಾಣ ಬರುವುದು, ತಿರುಗು ನಿಲ್ಲು ಎಂಬುದರ ಅರ್ಥ ಮರಿಯ ತಲೆಗೆ ಹತ್ತುವುದು, ಇವಾವುವೂ ಪುಸ್ತಕದಲ್ಲಿಲ್ಲ. ಕರಾರಿನಲ್ಲಿ ಬರೆಸಬೇಕಾದ ಅಂಶಗಳನ್ನಾದರೂ ವಿವರವಾಗಿ ಕೊಟ್ಟಿದ್ದರೆ ಓದುಗನಿಗೆ ಅಳೆಯಲು ಒಂದು ಕೋಲು ಸಿಗುತ್ತಿತ್ತು. ಏನು ಕೇಳಬೇಕೆಂದೇ ಗೊತ್ತಿಲ್ಲದವನು ಮಾಡಿಕೊಂಡ ಕರಾರಿನಿಂದ ಅನುಕೂಲವಾಗುವುದು ಪಳಗಿಸುವವನಿಗೆ ಮಾತ್ರ.

ಕುದುರೆಯ ಆಯ್ಕೆಗೆ ಮೀಸಲಾದ ಮೊದಲ ಅಧ್ಯಾಯವೇ ಪುಸ್ತಕದಲ್ಲಿ ಹೆಚ್ಚು ಹೆಸರು ಮಾಡಿರುವುದು. ಅವನು ಪಾದದಿಂದ ಶುರುಮಾಡುತ್ತಾನೆ. ಅಡಿಪಾಯ ಭದ್ರವಿಲ್ಲದ ಮನೆಯ ಮೇಲ್ಭಾಗ ಎಷ್ಟು ಚೆನ್ನಾಗಿದ್ದರೇನು ಎಂಬ ಹೋಲಿಕೆ ಅವನದೇ. ಗೊರಸು ದಪ್ಪಗಿರಬೇಕು, ಎತ್ತರವಾಗಿದ್ದು ಒಳಗಿನ ಮೆತ್ತೆ ನೆಲಕ್ಕೆ ತಾಗದಂತಿರಬೇಕು, ಗಟ್ಟಿ ನೆಲದ ಮೇಲೆ ತಾಳದಂತೆ ನುಡಿಯಬೇಕು. ಕಾಲಿನಿಂದ ಮೇಲೇರುತ್ತಾ ಎದೆ, ಕತ್ತು, ದವಡೆ, ಕಣ್ಣು, ಮೂಗಿನ ಹೊಳ್ಳೆಗಳವರೆಗೆ ಬರುವ ಈ ವಿವರಣೆ ಇಂದಿಗೂ ಕುದುರೆ ವ್ಯಾಪಾರಿಗಳ ಕಣ್ಣು ಹರಿಯುವ ದಾರಿಯೇ. ಲಾಳವಿಲ್ಲದ ಕಾಲವದು, ಗೊರಸು ಸವೆದರೆ ಯುದ್ಧದ ನಡುವೆ ಸವಾರ ಕಾಲಾಳಾಗಬೇಕು, ಹಾಗಾಗಿ ಪಾದದ ಮೇಲಿನ ಈ ಹಟ ಅರ್ಥವಾಗುವಂಥದ್ದು. ಮೆತ್ತೆ ನೆಲಕ್ಕೆ ತಾಗಬಾರದು ಎಂಬ ಮಾತನ್ನು ಮಾತ್ರ ಈಗಿನ ಲಾಳದವರು ಒಪ್ಪುವುದಿಲ್ಲ. ನೆಲದ ಒತ್ತಡ ಅದಕ್ಕೂ ಬೇಕು, ಪಾದ ಆರೋಗ್ಯವಾಗಿರುವುದು ಅದರಿಂದಲೇ ಎನ್ನುತ್ತಾರೆ.

ಅವನು ಹೇಳದೆ ಬಿಟ್ಟಿರುವುದನ್ನೂ ಗಮನಿಸಬೇಕು. ಬಣ್ಣದ ಸುದ್ದಿಯೇ ಇಲ್ಲ. ಸುಳಿಗಳ ಶುಭಾಶುಭಕ್ಕೆ ನಮ್ಮ ಅಶ್ವಶಾಸ್ತ್ರಗಳಲ್ಲಿ ದೊಡ್ಡ ಜಾಗವಿದೆ. ಎತ್ತು ಕೊಳ್ಳುವಾಗ ಸುಳಿ ನೋಡುವ ನಮ್ಮ ರೈತರಿಗೂ, ಮಾರ್ವಾಡಿ ಕುದುರೆ ಕೊಳ್ಳುವ ರಾಜಸ್ಥಾನದವರಿಗೂ ಅದು ಇಂದಿಗೂ ಮುಖ್ಯ. ಕ್ಸೆನೊಫೋನನ ಲೆಕ್ಕದಲ್ಲಿ ಕೆಲಸಕ್ಕೆ ಬರುವುದಷ್ಟೇ ಲಕ್ಷಣ. ಈ ಒಣಕಲು ನೋಟಕ್ಕೆ ನನ್ನ ಮೆಚ್ಚುಗೆಯಿದೆ. ಹಣೆಯ ಸುಳಿ ನೋಡಿ ತಂದ ಕುದುರೆ ಮೂರನೆಯ ದಿನ ಕುಂಟಿದರೆ ಸುಳಿಯನ್ನು ಕೇಳಿಕೊಂಡು ಹೋಗಲಾಗುವುದಿಲ್ಲ.

ಮೂರನೆಯ ಅಧ್ಯಾಯ ಆಗಲೇ ಸವಾರಿ ಕಂಡ ಕುದುರೆಯನ್ನು ಕೊಳ್ಳುವವನಿಗಾಗಿ. ಅಂದರೆ ಮೊದಲ ಕುದುರೆಯ ಹುಡುಕಾಟದಲ್ಲಿರುವವನಿಗೆ ನಿಜವಾಗಿ ಬೇಕಾದ ಅಧ್ಯಾಯ. ಕಡಿವಾಣ ಸುಲಭವಾಗಿ ತೆಗೆದುಕೊಳ್ಳುತ್ತದೆಯೇ? ಹತ್ತುವಾಗ ನಿಲ್ಲುತ್ತದೆಯೇ? ಬೇರೆ ಕುದುರೆಗಳನ್ನು ಬಿಟ್ಟು ಒಂಟಿಯಾಗಿ ಹೊರಡುತ್ತದೆಯೇ? ಎಡಕ್ಕೂ ಬಲಕ್ಕೂ ಒಂದೇ ಸಮ ತಿರುಗುತ್ತದೆಯೇ, ಇಲ್ಲ ಬಾಯಿಯ ಒಂದು ಮಗ್ಗುಲು ಮೊಂಡಾಗಿದೆಯೇ? ಓಡುತ್ತಿರುವಾಗ ನಿಲ್ಲಿಸಿದರೆ ನಿಲ್ಲುತ್ತದೆಯೇ? ಈ ಪರೀಕ್ಷೆಗಳಲ್ಲಿ ಒಂದನ್ನೂ ಕೈಬಿಡುವ ಹಾಗಿಲ್ಲ.

ಆದರೆ ಅಧ್ಯಾಯ ಶುರುವಾಗುವುದು ವಯಸ್ಸಿನಿಂದ. ಹಲ್ಲು ನೋಡಿ, ಹಾಲುಹಲ್ಲುಗಳ ಗುರುತು ಹೋಗಿದ್ದರೆ ಅಂಥ ಕುದುರೆಯಿಂದ ಮುಂದಿನ ಆಸೆಯೂ ಇಲ್ಲ, ಅದನ್ನು ಮಾರುವುದೂ ಕಷ್ಟ ಎನ್ನುತ್ತಾನೆ. ಕುದುರೆಯ ಮುಂಬಾಯಿಯ ಹಾಲುಹಲ್ಲುಗಳು ಎರಡೂವರೆ ವರ್ಷದಿಂದ ಬೀಳತೊಡಗಿ ಐದರ ಹೊತ್ತಿಗೆ ಬಾಯಿ ತುಂಬುತ್ತದೆ. ಎಂದರೆ ಐದು ದಾಟಿದ ಕುದುರೆ ಬೇಡ ಎಂದಾಯಿತು! ಮೊದಲ ಕುದುರೆಯ ಮಟ್ಟಿಗೆ ಇದಕ್ಕಿಂತ ಕೆಟ್ಟ ಸಲಹೆ ಇರಲಾರದು. ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬದುಕುವ ಪ್ರಾಣಿ. ಕಾಲಿನ ಕೆಳಭಾಗದ ಮೂಳೆಗಳು ಬೇಗ ಬಲಿತರೂ ಬೆನ್ನುಮೂಳೆ ಪೂರ್ತಿ ಬಲಿಯಲು ಐದಾರು ವರ್ಷ ಬೇಕು. ಎಂಟರಿಂದ ಹದಿನೈದರ ನಡುವಿನ ಕುದುರೆ ಮೈಯಲ್ಲೂ ಗಟ್ಟಿ, ಅನುಭವದಲ್ಲೂ ಗಟ್ಟಿ. ಹೊಸ ಸವಾರನ ಕಾಲು ತಪ್ಪಾಗಿ ತಾಗಿದರೂ, ಲಗಾಮು ಬೇಡದ ಹೊತ್ತಿನಲ್ಲಿ ಬಿಗಿಯಾದರೂ ಅದು ‘ಇವನಿಗೆ ಗೊತ್ತಿಲ್ಲ’ ಎಂದು ಮನ್ನಿಸಿಬಿಡುತ್ತದೆ. ಮರಿಗೆ ಆ ಔದಾರ್ಯ ಸಾಧ್ಯವಿಲ್ಲ. ಅದು ಆ ತಪ್ಪನ್ನೇ ಪಾಠವೆಂದು ಕಲಿತುಕೊಳ್ಳುತ್ತದೆ. ಕ್ಸೆನೊಫೋನನ ಓದುಗ ಅಥೆನ್ಸಿನ ಅಶ್ವದಳದ ಸಿರಿವಂತ ಯುವಕ, ಅವನಿಗೆ ಹಲವು ವರ್ಷ ದುಡಿಯುವ ಯುದ್ಧದ ಕುದುರೆ ಬೇಕಿತ್ತು. ಅದು ಸರಿಯೇ. ಆದರೆ ಮರಿಯನ್ನು ನೀನು ಪಳಗಿಸಬೇಡ ಎಂದು ಎರಡನೆಯ ಅಧ್ಯಾಯದಲ್ಲಿ ಹೇಳಿದವನು ಮೂರನೆಯದರಲ್ಲಿ ಎಳೆಯದನ್ನೇ ಕೊಳ್ಳು ಎನ್ನುವಾಗ, ಎರಡು ಸಲಹೆಗಳೂ ಒಂದೇ ಲಾಯದಲ್ಲಿ ಕಟ್ಟಿಸಿಕೊಳ್ಳುವುದಿಲ್ಲ.

ಬೀಜ ತೆಗೆದ ಗಂಡುಕುದುರೆಯ ವಿಚಾರದಲ್ಲೂ ಹೀಗೇ. ಇವತ್ತು ಹೊಸಬರಿಗೆ ಬಲ್ಲವರು ಹೇಳುವುದು ಅದನ್ನೇ, ಸ್ವಭಾವ ತಣ್ಣಗಿರುತ್ತದೆ ಎಂದು. ಇದು ಕ್ಸೆನೊಫೋನನಿಗೆ ಗೊತ್ತಿಲ್ಲದ್ದೇನಲ್ಲ. ಪರ್ಷಿಯಾದ ದೊರೆ ಸೈರಸನನ್ನು ಕುರಿತ ಪುಸ್ತಕದಲ್ಲಿ, ಕಚ್ಚುವ ಕುದುರೆಗಳ ಬೀಜ ತೆಗೆಸಿದರೆ ಆ ಚಾಳಿ ನಿಲ್ಲುತ್ತದೆ, ಯುದ್ಧದ ಯೋಗ್ಯತೆ ಮಾತ್ರ ಕುಂದುವುದಿಲ್ಲ ಎಂದು ಅವನೇ ಬರೆದಿದ್ದಾನೆ. ಕುದುರೆಯ ಪುಸ್ತಕದಲ್ಲೇ ಆ ಸಲಹೆ ಇಲ್ಲ.

ಇನ್ನು ಅವನ ದಯೆಯ ಬಗ್ಗೆ. ಸಿಟ್ಟಿನಲ್ಲಿ ಕುದುರೆಯ ಬಳಿ ಹೋಗಬೇಡ, ಬಲವಂತದಿಂದ ಮಾಡಿಸಿದ್ದರಲ್ಲಿ ಚೆಲುವಿರುವುದಿಲ್ಲ ಎಂಬ ಅರ್ಥದ ಮಾತುಗಳಿಂದಾಗಿ ಅವನನ್ನು ಮೃದು ತರಬೇತಿಯ ಮೂಲಪುರುಷ ಎನ್ನುವುದು ವಾಡಿಕೆ. ಒಪ್ಪಬಹುದು, ಕುದುರೆ ಹೇಳಿದಂತೆ ಮಾಡಿದ ಕ್ಷಣವೇ ಲಗಾಮು ಸಡಿಲಿಸಬೇಕು ಎಂಬ ಸೂಕ್ಷ್ಮ ಅವನಿಗೆ ತಿಳಿದಿತ್ತು. ಆದರೆ ಮೆಚ್ಚುವವರು ಹತ್ತನೆಯ ಅಧ್ಯಾಯವನ್ನು ಬೇಗ ದಾಟಿಬಿಡುತ್ತಾರೆ. ಅಲ್ಲಿ ಅವನು ಎರಡು ಕಡಿವಾಣ ಇಟ್ಟುಕೊಳ್ಳಲು ಹೇಳುತ್ತಾನೆ. ಒಂದು ನಯವಾದದ್ದು, ಇನ್ನೊಂದು ಚೂಪು ಮುಳ್ಳುಗಳಿದ್ದದ್ದು. ಒರಟಿನಲ್ಲಿ ಕಲಿತದ್ದನ್ನು ಕುದುರೆ ನಯವಾದದ್ದರಲ್ಲಿ ಖುಷಿಯಿಂದ ಮಾಡುತ್ತದೆ ಎಂಬುದು ಸಮರ್ಥನೆ. ಖುಷಿಯಿಂದಲೋ, ಹಳೆಯ ನೋವಿನ ನೆನಪಿನಿಂದಲೋ? ನಮ್ಮಲ್ಲಿ ಜಟಕಾ ಎಳೆಯುವ, ಮದುವೆ ಮೆರವಣಿಗೆಗೆ ಬರುವ ಕುದುರೆಗಳ ಬಾಯಲ್ಲಿ ಮುಳ್ಳಿನ ಕಡಿವಾಣ ಕಂಡವರಿಗೆ ಉತ್ತರ ಹೇಳಬೇಕಾಗಿಲ್ಲ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು 1965ರಲ್ಲಿ ಭಾರತ ಸರ್ಕಾರ ಮಾಡಿದ ನಿಯಮಗಳು ಅಂಥವನ್ನು ನಿಷೇಧಿಸಿವೆ. ಕ್ಸೆನೊಫೋನನ ಮೃದುತ್ವ ನಿಜವೇ, ಆದರೆ ಅದು ಮುಳ್ಳನ್ನು ಕೈಗೆಟುಕುವ ಜಾಗದಲ್ಲಿ ಇಟ್ಟುಕೊಂಡ ಮೃದುತ್ವ.

ಈ ಪುಸ್ತಕವನ್ನು ಬೆಂಗಳೂರಿನಲ್ಲಿ ಕೂತು ಓದಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಇಲ್ಲಿ ಹವ್ಯಾಸಿ ಸವಾರನಿಗೆ ಸುಲಭವಾಗಿ, ಅಗ್ಗವಾಗಿ ಸಿಗುವುದು ರೇಸಿನಿಂದ ನಿವೃತ್ತವಾದ ಥರೋಬ್ರೆಡ್. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಫಾರಂನಂಥ ಕಡೆ ಹುಟ್ಟಿ, ಎರಡನೆಯ ವರ್ಷದ ಹೊತ್ತಿಗೆ ಜೀನು ಕಂಡು, ನಾಲ್ಕೈದರ ವಯಸ್ಸಿಗೆ ರೇಸು ಮುಗಿಸಿದ ಕುದುರೆ. ನೋಡಲು ಚೆಲುವು, ಹಲ್ಲಿನ ಲೆಕ್ಕದಲ್ಲಿ ಕ್ಸೆನೊಫೋನನೂ ತಲೆಯಾಡಿಸುತ್ತಿದ್ದ. ಸವಾರಿ ಕಂಡಿದೆ ಎಂದು ಮಾರುವವನು ಹೇಳುವುದು ಸುಳ್ಳೂ ಅಲ್ಲ. ಆದರೆ ಅದು ಕಂಡದ್ದು ಬೇರೆಯೇ ಸವಾರಿ. ಜಾಕಿಯ ರಿಕಾಪು ಗಿಡ್ಡ. ಅವನ ಕಾಲು ಅದರ ಪಕ್ಕೆಗೆ ಮಾತಾಡಿದ್ದೇ ಇಲ್ಲ. ಲಗಾಮು ಬಿಗಿಯಾದರೆ ಅದಕ್ಕೊರಗಿ ಇನ್ನೂ ಜೋರಾಗಿ ಓಡುವುದು ಅದರ ಅಭ್ಯಾಸ. ಹೆದರಿದ ಹೊಸಬ ಮೊದಲು ಮಾಡುವ ಕೆಲಸವೇ ಲಗಾಮು ಬಿಗಿ ಹಿಡಿಯುವುದು. ಹತ್ತುವಾಗ ಸುಮ್ಮನೆ ನಿಲ್ಲುವ ಅಭ್ಯಾಸ ಅನೇಕಕ್ಕೆ ಇರುವುದಿಲ್ಲ, ನಡೆಯುತ್ತಿರುವಾಗಲೇ ಜಾಕಿಯ ಕಾಲೆತ್ತಿ ಮೇಲೆ ಕೂರಿಸುತ್ತಾರೆ. ದಿನವೂ ಸಾಲಿನಲ್ಲೇ ಹೊರಟು ರೂಢಿ, ಒಂಟಿಯಾಗಿ ಹೊರಡು ಎಂದರೆ ಕಂಗಾಲಾಗುತ್ತದೆ. ಮೂರನೆಯ ಅಧ್ಯಾಯದ ಪರೀಕ್ಷೆಗಳನ್ನು ಒಂದೊಂದಾಗಿ ಇಟ್ಟರೆ, ರೇಸಿನಿಂದ ನೇರ ಬಂದ ಕುದುರೆ ಬಹುಪಾಲು ಎಲ್ಲದರಲ್ಲೂ ನಪಾಸು.

ತಪ್ಪು ಆ ಕುದುರೆಯದಲ್ಲ. ಅದಕ್ಕೆ ಬುದ್ಧಿಯಿದೆ, ದುಡಿಯುವ ಮನಸ್ಸಿದೆ. ಬಲ್ಲವರ ಕೈಯಲ್ಲಿ ವರ್ಷವೊಂದೆರಡು ಮರಳಿ ಕಲಿತರೆ ಸವಾರಿ ಶಾಲೆಯ ಮಕ್ಕಳನ್ನೂ ಹೊರುತ್ತದೆ. ನನ್ನ ತಕರಾರು ಆ ವರ್ಷವನ್ನು ಹಾರಿಸಿ ಅದನ್ನು ಹೊಸಬನಿಗೆ ಮಾರುವ ಪದ್ಧತಿಯ ಮೇಲೆ. ವಯಸ್ಸು ಐದಾದರೂ ಸವಾರನ ಮಟ್ಟಿಗೆ ಅದು ಎಳೆಯದೇ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದೂ, ಟೋಕಿಯೊ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದ್ದೂ ಸೆನ್ಯೂರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ. ಅದು ಮೊದಲೇ ಜರ್ಮನಿಯ ಬೆಟ್ಟಿನಾ ಹೋಯ್ ಅವರ ಕೈಯಲ್ಲಿ ಪಳಗಿ ದೊಡ್ಡ ಸ್ಪರ್ಧೆಗಳನ್ನು ಕಂಡಿದ್ದ ಕುದುರೆ. ನುರಿತ ಸವಾರನೇ ಬೇರೊಬ್ಬರು ಪಳಗಿಸಿದ ಕುದುರೆಯನ್ನು ಏರಲು ನಾಚುವುದಿಲ್ಲ ಎಂದಮೇಲೆ, ಭಾನುವಾರದ ಸವಾರನಿಗೇಕೆ ಬಿಗುಮಾನ?

ಮಾರಿಸ್ ಮಾರ್ಗನ್ 1893ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಈಗಲೂ ಸಿಗುತ್ತದೆ. ಕುದುರೆ ಕೊಳ್ಳುವ ಯೋಚನೆ ಇರುವವರು ಮೊದಲ ಅಧ್ಯಾಯವನ್ನು ರುಚಿಗೆ, ಎರಡನೆಯದನ್ನು ಬುದ್ಧಿಗೆ ಓದಲಿ. ಮೂರನೆಯದರಿಂದ ಹಲ್ಲಿನ ಮಾತೊಂದನ್ನು ಹೊಡೆದುಹಾಕಿ, ಉಳಿದ ಪರೀಕ್ಷೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಲಾಯಕ್ಕೆ ಹೋಗಲಿ. ಅವನು ಬರೆಯದ ಎರಡನ್ನು ನಾನು ಸೇರಿಸುತ್ತೇನೆ. ಮೊದಲು ಮಾರುವವನೇ ಹತ್ತಿ ತೋರಿಸಲಿ, ಅವನು ಹತ್ತಲು ಹಿಂಜರಿದರೆ ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ಇನ್ನೊಂದು ದಿನ ಹೇಳದೆ ಕೇಳದೆ ಹೋಗಿ, ಬೆಳಗಿನಿಂದ ಯಾರೂ ಓಡಿಸಿ ದಣಿಸಿರದ ಹೊತ್ತಿನಲ್ಲಿ ಆ ಕುದುರೆಯನ್ನು ಲಾಯದಿಂದ ಹೊರಗೆ ತರಿಸಿ ನೋಡಲಿ.