ಹಗೆ: ಒಂದು ಪದದ ಬೇರು, ಮೂರು ಭಾಷೆಗಳ ನೆಲ

ಸ್ನೇಹವಿಲ್ಲದ ಸ್ಥಿತಿಯನ್ನು ಹೇಳುವ ಅಚ್ಚಗನ್ನಡ ಪದ ‘ಹಗೆ’. ನಿಘಂಟುಗಳು ಇದಕ್ಕೆ ವೈರ, ದ್ವೇಷ, ಶತ್ರುತ್ವ ಎಂಬ ಸಂಸ್ಕೃತ ಪರ್ಯಾಯಗಳನ್ನು ಕೊಟ್ಟು ಮುಂದೆ ಸಾಗುತ್ತವೆ. ಇವು ಅರ್ಥವನ್ನು ತಿಳಿಸುತ್ತವೆಯೇ ಹೊರತು ಪದದೊಳಗಿನ ಕಲ್ಪನೆಯನ್ನು ಕಾಣಿಸುವುದಿಲ್ಲ. ಅದನ್ನು ಕಾಣಲು ಕನ್ನಡ, ತೆಲುಗು, ತಮಿಳು ಒಟ್ಟಿಗೆ ಬದುಕಿರುವ ಹೊಸೂರು–ಕೃಷ್ಣಗಿರಿ ಸೀಮೆ ತಕ್ಕ ನೆಲೆಯಾಗಿದೆ.

ಹಳಗನ್ನಡದಲ್ಲಿ ಈ ಪದ ‘ಪಗೆ’. ಪದಾದಿಯ ಪಕಾರವು ಹಕಾರವಾದ ಮೇಲೆ ‘ಹಗೆ’. ಅದೇ ಮಾರ್ಪಾಡಿನಿಂದ ‘ಪೊಸ’ ‘ಹೊಸ’ವಾಗಿ ಹೊಸೂರಿನ ಹೆಸರಿನಲ್ಲಿ ನಿಂತಿದೆ, ತಮಿಳು ಬರಹದಲ್ಲಿ ಆ ಹಕಾರವೂ ಉಳಿಯದೆ ಊರು ‘ಓಸೂರ್’ ಆಗಿದೆ. ತಮಿಳಿನ ‘ಪಗೈ’, ತೆಲುಗಿನ ‘ಪಗ’ ಇದರ ಸೋದರ ರೂಪಗಳು. ಒಂದು ಇನ್ನೊಂದರಿಂದ ಎರವಲು ಪಡೆದುದಲ್ಲ. ಮೂರಕ್ಕೂ ಸಂದ ಪಿತ್ರಾರ್ಜಿತ.

ತಮಿಳಿನಲ್ಲಿ ‘ಪಗು’ ಎಂದರೆ ಒಡೆ, ಭಾಗವಾಗು. ‘ಪಗೈ’ಯನ್ನು ಈ ಕ್ರಿಯೆಯಿಂದ ಸಾಧಿಸುವುದು ಯುಕ್ತವೆಂದು ತೋರುತ್ತದೆ. ಕನ್ನಡದ ಪಸುಗೆ, ಪಚ್ಚು, ಹಂಚು ಎಂಬ ಪದಗಳೂ ಇದೇ ಬೇರಿನವು. ಒಡೆಯುವುದರಿಂದ ವೈರಕ್ಕೆ ಅರ್ಥ ಸರಿಯಿತೆಂಬುದು ಬರಿಯ ಊಹೆಯೆ? ಈ ಸೀಮೆಯ ನಂಟಿನ ಮಾತುಗಳು ಅದನ್ನು ಬೆಂಬಲಿಸುತ್ತವೆ. ಕನ್ನಡದ ದಾಯಾದಿ, ತಮಿಳಿನ ಪಂಗಾಳಿ, ತೆಲುಗಿನ ಪಾಲಿವಾರು: ಮೂರರ ಮೂಲಾರ್ಥವೂ ಪಾಲಿಗೆ ಹಕ್ಕುಳ್ಳವರು. ಕನ್ನಡದಲ್ಲಿ ‘ದಾಯಾದಿ ಮತ್ಸರ’, ತಮಿಳಿನಲ್ಲಿ ‘ಪಂಗಾಳಿ ಜಗಳ’ ನಾಣ್ಣುಡಿಗಳೇ ಆಗಿವೆ. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡ ಭಾರತಗಳ ವಸ್ತುವೂ ದಾಯಾದ್ಯರ ಹಗೆಯೇ.

ಕಾವ್ಯಗಳಲ್ಲಿ ‘ಪಗೆ’ ಯಾವ ಶತ್ರುವನ್ನಾದರೂ ಸೂಚಿಸಬಲ್ಲುದು ಎಂಬ ಆಕ್ಷೇಪ ಸರಿಯೇ. ಆದರೆ ಅದು ಬಳಕೆಯಲ್ಲಿ ಹಿಗ್ಗಿದ ಅರ್ಥ. ಬೇರಿನ ಮಟ್ಟದಲ್ಲಿ ಹಗೆ ಅಪರಿಚಿತರ ನಡುವಿನದಲ್ಲ. ಒಂದಾಗಿದ್ದುದು ಒಡೆದುದರ ಹೆಸರು.

ಸೋದರ ರೂಪಗಳನ್ನು ಪದದ ಪಕ್ಕದಲ್ಲೇ ಕೊಡುವ ಕ್ರಮವನ್ನು ಕಿಟೆಲ್ 1894ರ ನಿಘಂಟಿನಲ್ಲಿ ಹಾಕಿಕೊಟ್ಟಿದ್ದರು. ಕೈಪಿಡಿ ನಿಘಂಟುಗಳು ಅದನ್ನು ಬಿಟ್ಟುದು ಗಡಿಭಾಗದ ಓದುಗನಿಗೆ ಆದ ನಷ್ಟ. 2006ರ ತಮಿಳು ಕಲಿಕೆ ಕಾಯಿದೆಯ ಬಳಿಕ ಇಲ್ಲಿಯ ಕನ್ನಡ ಶಾಲೆಗಳ ಪ್ರಶ್ನೆ ಬಹುಮಟ್ಟಿಗೆ ಎರಡು ನುಡಿಗಳ ಪೈಪೋಟಿಯಾಗಿಯೇ ಚರ್ಚಿತವಾಗಿದೆ. ಹಗೆ–ಪಗೈ–ಪಗಗಳನ್ನು ಒಂದೇ ಸಾಲಿನಲ್ಲಿ ಓದಿದ ವಿದ್ಯಾರ್ಥಿಗೆ ಆ ಪೈಪೋಟಿ ದಾಯಾದ್ಯರದೆಂದು ತಿಳಿದೀತು. ಪಸುಗೆಯೆಲ್ಲ ಹಗೆಯಾಗಬೇಕಿಲ್ಲವೆಂಬುದೂ ಹೊಳೆದೀತು; ಏಕೆಂದರೆ ‘ಹಂಚು’ ಎಂಬ ಮಾತನ್ನು ಕೊಟ್ಟುದೂ ಅದೇ ಬೇರು.