ವೆಂಕಟಪ್ಪನವರ ಪೂರ್ವಜೀವನ: ಮನೆತನದ ವಿದ್ಯೆಯ ಪ್ರಶ್ನೆ

ಚಿತ್ರಕಾರ ಕೆ. ವೆಂಕಟಪ್ಪನವರ (1886–1965) ಕಲಾಜೀವನವನ್ನು ವಿವರಿಸುವವರು ಎರಡು ಹೆಸರುಗಳಿಂದ ತೊಡಗುವುದು ವಾಡಿಕೆ: 1909ರಲ್ಲಿ ಅವರನ್ನು ಕಲ್ಕತ್ತೆಗೆ ಕಳುಹಿದ ನಾಲ್ವಡಿ ಕೃಷ್ಣರಾಜ ಒಡೆಯರು, ಅಲ್ಲಿನ ಸರ್ಕಾರಿ ಕಲಾಶಾಲೆಯಲ್ಲಿ ಅವರಿಗೆ ಗುರುಗಳಾದ ಅವನೀಂದ್ರನಾಥ ಠಾಕೂರರು. ಎರಡೂ ದಿಟವೇ. ಆದರೆ ಕಥೆಯನ್ನು ಹೀಗೆ ಆರಂಭಿಸಿದರೆ, ಇಪ್ಪತ್ತು ದಾಟಿದ ಆ ತರುಣರು ಬರಿಗೈಯಲ್ಲಿ ರೈಲು ಹತ್ತಿದರೆಂಬ ಭಾವನೆ ಓದುಗರಲ್ಲಿ ಉಳಿಯುತ್ತದೆ.

ಅವರು ಹುಟ್ಟಿದ್ದು ಮೈಸೂರು ಅರಮನೆಯನ್ನು ಆಶ್ರಯಿಸಿದ್ದ ಚಿತ್ರಗಾರರ ಮನೆತನದಲ್ಲಿ. ಆ ಸಂಪ್ರದಾಯದಲ್ಲಿ ಮೊದಲು ರೇಖೆ. ಬಳಿಕ ಮಕ್ಕು ಸಫೇದಗಳ ಉಬ್ಬುಗೆಲಸ. ಅದರ ಮೇಲೆ ಚಿನ್ನದ ರೇಕು. ಕೈ ತಪ್ಪಿದರೆ ಮುಚ್ಚಿಡಲು ಅಲ್ಲಿ ಎಡೆಯಿಲ್ಲ. ಬಂಗಾಳ ಪಂಥದವರಿಗಾದರೋ ಬಣ್ಣವನ್ನು ಮತ್ತೆ ಮತ್ತೆ ತೊಳೆದು ಮಂಜಿನಂತೆ ಕರಗಿಸುವುದು ಪ್ರಿಯವಾಗಿತ್ತು. ವೆಂಕಟಪ್ಪನವರು ಆ ವಿಧಾನವನ್ನು ಕಲಿತರು, ಆದರೆ ಅದರಲ್ಲಿ ಕರಗಿಹೋಗಲಿಲ್ಲ. ಅವರ ಉದಕಮಂಡಲ, ಕೊಡೈಕೆನಾಲ್ ನಿಸರ್ಗಚಿತ್ರಗಳಲ್ಲಿ ಮಂಜು ಕೂಡ ಅಂಚುಳ್ಳದ್ದು. ಅವರ ಗಾರೆಯ ಉಬ್ಬುಶಿಲ್ಪಗಳಿಗೂ ಮನೆಯ ಉಬ್ಬುಗೆಲಸಕ್ಕೂ ನಂಟಿರಬೇಕೆಂದು ನಮ್ಮ ಊಹೆ.

ಶಿಕಾರಿಪುರ, ಸೊರಬಗಳ ಇತಿಹಾಸವನ್ನು ಅಭ್ಯಸಿಸುವವರಿಗೆ ಈ ಪ್ರಶ್ನೆ ದೂರದ್ದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಿಂದ ಹೋದ ದಾಸೋಜ ಮತ್ತು ಅವನ ಮಗ ಚಾವಣರು ಹನ್ನೆರಡನೆಯ ಶತಮಾನದಲ್ಲಿ ಬೇಲೂರಿನ ಮದನಿಕೆಗಳ ಕೆಳಗೆ ತಮ್ಮ ಹೆಸರುಗಳನ್ನು ಕೆತ್ತಿದರು. ತಂದೆಯಿಂದ ಮಗನಿಗೆ ಬಂದ ವಿದ್ಯೆಗೆ ಅಲ್ಲಿ ಕಲ್ಲಿನ ಸಾಕ್ಷ್ಯವಿದೆ. ಸೊರಬದ ಗುಡಿಗಾರರ ಗಂಧದ ಕೆತ್ತನೆಯೂ ಮನೆತನದ ವಿದ್ಯೆಯೇ; ಆದರೆ ಆ ಪೆಟ್ಟಿಗೆಗಳು ಲೋಕದಲ್ಲಿ ಹೆಸರಾದದ್ದು ಜಾತಿಯ, ಊರಿನ ಹೆಸರಿನಿಂದ. ಕೆತ್ತಿದವನಾರೆಂದು ಕೇಳಿದವರು ವಿರಳ. ಇದು ಕುಶಲಿಗಳ ದೋಷವಲ್ಲ, ಬರೆದಿಟ್ಟವರ ದೋಷ.

ವೆಂಕಟಪ್ಪನವರು ಈ ಎರಡು ಸ್ಥಿತಿಗಳ ನಡುವೆ ನಿಂತವರು. 1913ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಹಿಂದೂ-ಬೌದ್ಧ ಪುರಾಣಕಥೆಗಳ ಗ್ರಂಥಕ್ಕೆ ಅವರು ರಾಮಾಯಣದ ಚಿತ್ರಗಳನ್ನು ಬರೆದುಕೊಟ್ಟರು. ಆಗ ಅವರಿನ್ನೂ ವಿದ್ಯಾರ್ಥಿದಶೆಯಲ್ಲಿದ್ದರು. ಆ ಗ್ರಂಥದ ಮುಖಪುಟದಲ್ಲಿ ಮೇಲ್ವಿಚಾರಕರಾದ ಅವನೀಂದ್ರನಾಥರ ಹೆಸರಿದೆ. ಚಿತ್ರ ಬರೆದವರೆಲ್ಲ ಅಲ್ಲಿ ಬರಿಯ ‘ಭಾರತೀಯ ಕಲಾವಿದರು’. ವೆಂಕಟಪ್ಪನವರ ಹೆಸರನ್ನು ಕಾಣಬೇಕಾದರೆ ಹಾಳೆಗಳನ್ನು ಮಗುಚಿ ಚಿತ್ರಗಳ ಪಟ್ಟಿಗೆ ಬರಬೇಕು.